ಭಾಗ ಎರಡು

ಕ್ರಿಕೆಟ್ಟಿನ ಕ್ಯಾಸೆಟ್ಟು ಅಂದುಕೊಂಡೆ ಅತ್ತಿಗೆ,
ಅಂತಲೇ ಇಷ್ಟು ವರ್ಷ ಹೇಳುತ್ತ ಬಂದೆ.
ಸುಳ್ಳು.
ಲೇಬಲ್ಲು ಓದಿದ್ದೆ. ಮಸೂದನ ದುಂಡು ಅಕ್ಷರ:
ಚಿ. ಶಿವನಂಜ, ಚಿ.ಸೌ. ಇಂದ್ರಾಣಿ, ಮಂಡ್ಯ. ಭಾಗ ಎರಡು.

ಇಟ್ಟಿಗೆಗೂಡಿನ ಮನೆ. ರಾತ್ರಿ ಒಂದೂವರೆ.
ಝೂ ಕಡೆಯಿಂದ ಸಿಂಹ ಒಂದೆರಡು ಸಲ ಕೆಮ್ಮಿ ಸುಮ್ಮನಾಗಿತ್ತು.
ಕೇಬಲ್ಲಿನ ಪಾಪಣ್ಣಿ ಸಂಜೆಯೇ ಹೇಳಿದ್ದ:
ಬರುತ್ತಂತೆ ಕಣೋ ಇವತ್ತು ನಿನ್ನ ಆ ಸ್ಪ್ಯಾನಿಷ್ ಗ್ಯಾಂಗು,
ಒಂದೇ ಸಲವಂತೆ, ಮತ್ತೆ ಹಾಕಲ್ವಂತೆ.
ಖಾಲಿ ಕ್ಯಾಸೆಟ್ಟಿಗೆ ನೂರಿಪ್ಪತ್ತು. ನನ್ನ ಜೇಬಲ್ಲಿ ಹನ್ನೊಂದು.

ಯಾರೂ ಅಳಿಸದಿರಲಿ ಎಂದು ಮಸೂದ ಮುರಿದಿದ್ದ ಕಿಂಡಿಗೆ
ಸೆಲ್ಲೋಟೇಪು ಅಂಟಿಸಿದೆ.
ಕೊನೆಗಿರುವುದು ಊಟದ ಪಂಕ್ತಿ ತಾನೆ,
ಎಲೆ, ಪಾಯಸ, ಕ್ಯಾಮೆರಾ ಕಂಡು ಸೆರಗಲ್ಲಿ ಬಾಯಿ ಮುಚ್ಚುವ ಹೆಂಗಸರು,
ಹೋದರೆ ಹೋಗಲಿ.
ಟೇಪು ಎಲ್ಲಿ ನಿಂತಿದೆಯೆಂದು ನೋಡಲಿಲ್ಲ.

ಅವರು ಬಂದರು.
ಸ್ಟೇಡಿಯಮ್ಮುಗಳನ್ನೇ ಕಿವುಡು ಮಾಡಿದವರು,
ಆಳೆತ್ತರದ ಸ್ಪೀಕರು ಇಲ್ಲದೆ ಬಾಯಿ ತೆರೆಯದವರು,
ಅವತ್ತು ವೈರೆಲ್ಲ ಕಿತ್ತಿಟ್ಟು
ಸ್ಟೂಲಿನ ಮೇಲೆ ಕೂತರು, ಕ್ಷೌರಕ್ಕೆ ಕಾದವರ ಹಾಗೆ.
ಹಾಡುವವನು ಗಂಟಲು ಸರಿಮಾಡಿಕೊಂಡ; ಅದೂ ಕೇಳಿಸಿತು.
ತಂತಿಯ ಮೇಲೆ ಬೆರಳು ಜಾರಿದ ಕಿರ್ರು,
ಯಾರದೋ ಸ್ಟೂಲು ನರಳಿದ್ದು,
ಅಕಾರ್ಡಿಯನ್ನು ದನಿ ತೆಗೆಯುವ ಮುಂಚೆ
ಉಸಿರೆಳೆದುಕೊಂಡದ್ದು.
ಗಣೇಶನ ಪೆಂಡಾಲಿನ ಎರಡು ಸಾವಿರ ವಾಟಿನಲ್ಲಿ
ಹಲ್ಲು ಅದುರಿಸಿಕೊಂಡು ಬೆಳೆದವನು ನಾನು,
ಇಷ್ಟು ಮೆಲ್ಲಗೆ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ.
ಒಂದು ಪದ ಅರ್ಥವಾಗಲಿಲ್ಲ.
ಅಣ್ಣನೂ ನೀವೂ ಒಳಗೆ ಮಲಗಿದ್ದಿರಿ,
ಸೌಂಡು ಎರಡಕ್ಕಿಟ್ಟು
ಬಿಸಿ ಗಾಜಿಗೆ ಕಿವಿ ಕೊಟ್ಟು ಕೂತಿದ್ದೆ.

ಸಂಕ್ರಾಂತಿ ಕಳೆದು ನಿಮ್ಮಪ್ಪ ಹೋದರು.
ಬೋರಲಿಂಗಯ್ಯ. ಸಕ್ಕರೆ ಕಾರ್ಖಾನೆಯ ತೂಕದ ಮನೆ.
ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದವರು,
ಮುಳ್ಳು ಪೂರಾ ನಿಲ್ಲುವ ತನಕ
ಯಾರು ಬೈದರೂ ಚೀಟಿ ಬರೆಯದವರು.
ಹನ್ನೊಂದರ ಕಾರ್ಯ ಮುಗಿಸಿ ಬಂದು
ನೀವು ಕ್ಯಾಸೆಟ್ಟು ಹಾಕಿದಿರಿ.
ಇನ್ನೊಂದು ಕಾಪಿ ಕೇಳೋಣವೆಂದರೆ
ಮಸೂದನ ಸ್ಟುಡಿಯೋ ಅಷ್ಟರಲ್ಲಿ ಬೇಕರಿಯಾಗಿತ್ತು.

ಪುರೋಹಿತರ ಬೆರಳು ಮೇಲೆದ್ದಿತು: ಗಟ್ಟಿಮೇಳ, ಗಟ್ಟಿಮೇಳ.
ವಾಲಗದವನ ಕೆನ್ನೆ ಉಬ್ಬಿತು.
ನಿಮ್ಮಪ್ಪ ಚೊಂಬು ಬಾಗಿಸಿದರು.
ಹಾಲು ಅಂಚಿಗೆ ಬಂದು, ಬೆಳ್ಳಗೆ ಬಳುಕಿ, ಇನ್ನೇನು

ಕರಕರ. ಒಂದು ನೀಲಿ ಗೆರೆ.
ಆಮೇಲೆ ಚಪ್ಪಾಳೆ.
ಯಾವ ಸಮುದ್ರದಾಚೆಯವರೋ, ಇನ್ನೂರು ಮಂದಿ,
ನಿಲ್ಲಿಸದೆ ತಟ್ಟುತ್ತಲೇ ಇದ್ದರು.

ಅಣ್ಣ ಎದ್ದು ಕಪಾಳಕ್ಕೆ ಕೊಟ್ಟ. ಸರಿಯಾಗಿಯೇ ಕೊಟ್ಟ.
ನೀವು ಏನೂ ಅನ್ನಲಿಲ್ಲ. ಆಫ್ ಮಾಡಲೂ ಇಲ್ಲ.
ಒದ್ದೆ ಕೂದಲಲ್ಲೇ ನೆಲದ ಮೇಲೆ ಕೂತು
ಅಷ್ಟನ್ನೂ ನೋಡಿದಿರಿ, ನಲವತ್ತೇಳು ನಿಮಿಷ,
ಅವರು ಎದ್ದು ಕೈಮುಗಿಯದೆ ಹೊರಟುಹೋಗುವವರೆಗೂ.
ಅದಾದ ಮೇಲೆ ಊಟದ ಪಂಕ್ತಿ.
ಎಲೆ, ಪಾಯಸ, ಸೆರಗು,
ಒಂದು ಚೂರೂ ಹಾಳಾಗದೆ.

ಎರಡು ವಾರ ನನ್ನ ತಟ್ಟೆಗೆ ಬಡಿಸಿದ್ದೀರಿ, ಮಾತಿಲ್ಲ.
ಒಂದು ಮಧ್ಯಾಹ್ನ, ಅವರೆಕಾಯಿ ಸುಲಿಯುತ್ತ,
ಸಿಪ್ಪೆಯ ಗುಡ್ಡೆ ನೋಡಿಕೊಂಡೇ ಅಂದಿರಿ:
ಆ ಮೂಲೇಲಿ ಕಾಂಗೋ ಬಾರಿಸ್ತಾನಲ್ಲ, ಬೊಕ್ಕತಲೆಯವನು,
ಕೈ ಎತ್ತಿ, ಬಡಿಯೋ ಮುಂಚೆ
ಕತ್ತು ಒಂಚೂರು ಓರೆ ಮಾಡಿ ಕಾಯ್ತಾನೆ ನೋಡು,
ಅಪ್ಪ ಮುಳ್ಳು ನೋಡ್ತಿದ್ದ ಹಾಗೇ.
ಇನ್ನೊಂದ್ಸಲ ಹಾಕು.

ಹಾಕಿದೆ.
ಗಟ್ಟಿಮೇಳಕ್ಕಿಂತ ಸ್ವಲ್ಪ ಹಿಂದಿನಿಂದ.